ಆರು ತಿಂಗಳ ಮಂಡಿನೋವು

"ಮಂಡಿ ಒಳಗೆ ಇಣುಕೋದೆಲ್ಲ ಬೇಡ ಮಾರಾಯ್ತಿ. ಗುಳಿಗೆ ಬರ್ಸ್ಕಂಡು ಮನೆಗೆ ಹೋಗಣ."

ಕೊಪ್ಪದ ಆಸ್ಪತ್ರೆಯ ಬೆಂಚಿನಿಂದ ಚಂದ್ರಶೇಖರ ಮೂರನೆಯ ಸಲ ಎದ್ದ. ನಯನ ಗಂಡನ ತೋಳು ಹಿಡಿದು ಕೂರಿಸಿದಳು. ಹಾವು ಹೊಕ್ಕ ಮನೆಗೆ ಊರವರೆಲ್ಲ ಕರೆಯುತ್ತಿದ್ದುದು ಇವನನ್ನೇ. ಅಂಥವನಿಗೆ ಒಂದು ಸಣ್ಣ ತೂತಿನ ಆಪರೇಷನ್ ಎಂದರೆ ಈ ಪರಿ ಭಯ!

ಎಕ್ಸ್‌ರೇಯಲ್ಲಿ ಏನೂ ಕಂಡಿರಲಿಲ್ಲ. ಶಿವಮೊಗ್ಗದಲ್ಲಿ ಮಾಡಿಸಿದ ಎಂಆರ್‌ಐಯಲ್ಲಿ ಮೂಳೆ, ಲಿಗಮೆಂಟು ಎಲ್ಲ ನೆಟ್ಟಗಿದ್ದವು. ಆದರೂ ಮಂಡಿ ಊದಿಕೊಂಡೇ ಇತ್ತು. ಕೀಲಿನ ಒಳಪೊರೆ ದಪ್ಪಗಾಗಿದೆ, ಕ್ಷಯವಿರಬಹುದು, ಗಡ್ಡೆಯೂ ಇರಬಹುದು, ಕ್ಯಾಮೆರಾ ಇಳಿಸಿ ನೋಡದೆ ಹೇಳಲಾಗದು ಎಂದಿದ್ದರು ಡಾಕ್ಟರ್ ಮಹಿಮಾ. ಕೆಟ್ಟ ಗಡ್ಡೆಯಾದರೆ ಕಾಲು ಉಳಿಯುವುದೂ ಕಷ್ಟ.

ನಯನಳ ಜೀವ ಬಾಯಿಗೆ ಬಂದಿತ್ತು. ಅಣ್ಣ ಮಹೇಶ್ವರ ಹೋಗಿ ಆರೇ ತಿಂಗಳು. ಬೆಳ್ಳಂಬೆಳಗ್ಗೆ ನೀರಿನ ಪೈಪು ಸರಿಮಾಡಲು ಸಿರಿಮನೆಯ ಹಳ್ಳಕ್ಕೆ ಇಳಿದವನಿಗೆ ಎದುರಿನ ಪೊದೆಯಿಂದ ಗುಂಡು ಬಂದು ಬಡಿದಿತ್ತು. ಪೊಲೀಸರು ಊರಿನ ಕೋವಿಗಳನ್ನೆಲ್ಲ ಠಾಣೆಗೆ ತರಿಸಿ ನೋಡಿ ಕೈಚೆಲ್ಲಿದ್ದರು.

ಅಂದು ಎಲ್ಲರಿಗಿಂತ ಮೊದಲು ಹಳ್ಳಕ್ಕೆ ಓಡಿದವನು ಚಂದ್ರಶೇಖರ. ಹೆಣ ಹೊತ್ತು ಏರಿ ಹತ್ತುವಾಗ ಜಾರಿಬಿದ್ದೆ, ಮಂಡಿ ಕಲ್ಲಿಗೆ ಬಡಿಯಿತು ಎಂದಿದ್ದ. ಅಂದಿನಿಂದ ನಯನ ಆ ಕಾಲಿಗೆ ದಿನಾ ಎಣ್ಣೆ ತಿಕ್ಕುತ್ತಿದ್ದಳು. ಅಣ್ಣನಿಗಾಗಿ ಪೆಟ್ಟು ತಿಂದ ಕಾಲು ಅದು.

"ಅಣ್ಣನಂತೂ ಇಲ್ಲ. ನಿಮಗೂ ಏನಾದ್ರೂ ಆದ್ರೆ ನಂಗೆ ಯಾರಿದಾರೆ?" ಎಂದಳು.

ಚಂದ್ರಶೇಖರ ತಲೆ ತಗ್ಗಿಸಿದ. ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದ.

ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ನಯನ ಶೃಂಗೇರಿಯ ಅಮ್ಮನಿಗೂ ಕಿಗ್ಗದ ದೇವರಿಗೂ ಹರಕೆ ಹೊತ್ತಾಗಿತ್ತು. ಡಾಕ್ಟರ್ ನಗುತ್ತ ಹೊರಬಂದರು.

"ಗಡ್ಡೆ ಅಲ್ಲಮ್ಮ, ಮುಳ್ಳು! ಯಾವಾಗ್ಲೋ ಮಂಡಿಯೂರಿ ಕೂತಾಗ ಹೊಕ್ಕು ಒಳಗೇ ಮುರಿದುಹೋಗಿದೆ. ಸ್ಕ್ಯಾನಿಂಗಲ್ಲಿ ಇಂಥದ್ದು ಕಣ್ಣಿಗೆ ಬೀಳೋದು ಕಷ್ಟ. ತೆಗೆದಾಯ್ತು. ಕಾಲಿಗೆ ಭಯ ಇಲ್ಲ."

ಅವರ ಕೈಯ ಪುಟ್ಟ ಬಾಟಲಿಯಲ್ಲಿ ಕಪ್ಪು ಚೂರೊಂದಿತ್ತು. ನಯನ ಅಳುತ್ತ ನಗುತ್ತ ಅದನ್ನು ಇಸಿದುಕೊಂಡು ವಾರ್ಡಿಗೆ ಓಡಿದಳು. ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರಿಂದ ಚಂದ್ರಶೇಖರ ಎಚ್ಚರವಾಗಿಯೇ ಇದ್ದ.

"ನೋಡಿ, ಇದೊಂದು ಮುಳ್ಳಿಗೆ ಎಷ್ಟು ಹೆದರಿದ್ವಿ! ಹೊಡೆದದ್ದು ಕಲ್ಲಲ್ವಂತೆ. ಎಲ್ಲಿ ಮಂಡಿಯೂರಿದ್ರಿ ಮಾರಾಯ್ರೆ?"

ಅವನು ಮುಳ್ಳನ್ನೇ ನೋಡಿದ. ಆಮೇಲೆ ಅವಳ ಮುಖ ನೋಡಿದ. ಅವನ ಕಣ್ಣಿಂದ ನೀರು ಇಳಿಯತೊಡಗಿತು.

"ಹಳ್ಳದ ಎದುರು, ಬೆತ್ತದ ಪೊದೇಲಿ. ಮಂಜು ಮುಸುಕಿತ್ತು ನಯನಾ... ನಾನು ಹಂದಿ ಅಂದ್ಕಂಡೆ."