ಜೂನ್ ಇಪ್ಪತ್ತೊಂದರ ಬಿಸಿಲು

“ಕಿಟಕಿ ಪರದೆ ಎಳೀರಿ, ಈ ಬಿಸಿಲಿಗೆ ಏನೂ ಕಾಣಿಸ್ತಿಲ್ಲ,” ಎಂದರು ಸಾಹೇಬರು. ಗುಮಾಸ್ತ ಎದ್ದು ಪರದೆ ಎಳೆದ. ಕಟ್ಟಡ ಪರವಾನಗಿ ಕಚೇರಿಯ ಆ ಕೋಣೆ ಕತ್ತಲಾದ ಮೇಲೆ ಗೋಡೆಯ ಮೇಲೆ ಬಿಸಿಲು ಮೂಡಿತು. ಚಿತ್ರಗಾರ ಹದಿನೆಂಟು ದಿನ ಕೂತು ಕಂಪ್ಯೂಟರಿನಲ್ಲಿ ಮಾಡಿದ್ದ ಬಿಸಿಲು ಅದು, ಪ್ರೊಜೆಕ್ಟರಿನಿಂದ ಬಿದ್ದದ್ದು. ಇನ್ನೂ ಕಟ್ಟದ ಹದಿನಾಲ್ಕು ಮಹಡಿಯ ಕಟ್ಟಡ, ಅದರೆದುರಿನ ಇಕ್ಕಟ್ಟಾದ ಬೀದಿ, ಬೀದಿಯಾಚೆಯ ಹಳೇ ಮನೆಗಳ ಸಾಲು, ಎಲ್ಲದರ ಮೇಲೂ ಬಂಗಾರದ ನೀರು ಚಿಮುಕಿಸಿದಂಥ ಬೆಳಕು. ಆ ಮನೆಗಳ ಗೋಡೆಯ ಸುಣ್ಣ ಚಕ್ಕೆ ಎದ್ದ ಕಡೆ ಒಂದೊಂದು ಚಕ್ಕೆಯ ಅಂಚಿನಲ್ಲೂ ಅದು ಹೊಳೆಯುತ್ತಿತ್ತು.

“ಥೇಟ್ ಬಿಸಿಲು ಕಣ್ರೀ!” ಎಂದರು ಸಾಹೇಬರು.

ಚಿತ್ರಗಾರನ ಎದೆ ಉಬ್ಬಿತು, ಮರುಕ್ಷಣವೇ ಇಳಿಯಿತು. ಬಿಸಿಲು ಥೇಟ್ ಇದ್ದದ್ದೇನೋ ನಿಜ. ಊರಿನ ಅಕ್ಷಾಂಶ, ಬೀದಿಯ ದಿಕ್ಕು, ತಾರೀಕು, ಗಂಟೆ ಎಲ್ಲ ತುಂಬಿಸಿ, ಸೂರ್ಯನನ್ನು ಅವನಿರಬೇಕಾದ ಜಾಗದಲ್ಲೇ ನಿಲ್ಲಿಸಿದ್ದ. “ನೀನು ಸುಳ್ಳು ಹೇಳೋದೇ ಬೇಡಪ್ಪ. ತಾರೀಕು ಮಾತ್ರ ನಾನು ಹೇಳ್ತೀನಿ,” ಎಂದಿದ್ದ ಕಟ್ಟಡದ ಕಂಪನಿಯ ಮ್ಯಾನೇಜರ್. ಹೇಳಿದ್ದು ಜೂನ್ ಇಪ್ಪತ್ತೊಂದು, ಮಧ್ಯಾಹ್ನ ಹನ್ನೆರಡು. ನೆರಳೆಂಬುದು ಬಾಲ ಮುದುರಿಕೊಂಡು ಕಟ್ಟಡದ ಕಾಲಡಿಯೇ ಬಿದ್ದಿರುವ ಹೊತ್ತು.

ಕಟ್ಟಡ ಎದ್ದರೆ ಮನೆಗೆ ಬೆಳಕು ತಪ್ಪುತ್ತದೆ ಎಂದು ಅರ್ಜಿಗೆ ಸಹಿ ಹಾಕಿದವರು ಬೀದಿಯ ತುಂಬ ಇದ್ದರು. ವಿಚಾರಣೆಗೆ ಬಂದವರು ಮಾತ್ರ ಒಬ್ಬರೇ, ಸಾಲಿನ ನಡುಮನೆಯ ಟೈಲರಮ್ಮ. ಮೂವತ್ತು ವರ್ಷ ಕಿಟಕಿಯ ಪಕ್ಕದಲ್ಲಿ ಹೊಲಿಗೆ ಮೆಷಿನ್ ತುಳಿದು ಸಂಸಾರ ತೂಗಿಸಿದವರು. ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದರಿಂದ ಅಳತೆಯ ಟೇಪು ಇನ್ನೂ ಕತ್ತಿನಲ್ಲೇ ನೇತಾಡುತ್ತಿತ್ತು.

“ನೋಡಿದ್ರಲ್ಲಮ್ಮ, ನಿಮ್ಮನೆ ಮೇಲೆ ಬಿಸಿಲು ಹೇಗೆ ಸುರೀತಿದೆ! ಇನ್ನೇನು ನಿಮ್ಮ ತಕರಾರು?” ಸಾಹೇಬರು ಕೇಳಿದರು.

ಟೈಲರಮ್ಮ ಎದ್ದು ಗೋಡೆಯ ಬಳಿ ಹೋಗಿ, ಬಟ್ಟೆಯ ನೇಯ್ಗೆ ನೋಡುವವರ ಹಾಗೆ ಮುಖ ಹತ್ತಿರ ಒಯ್ದು ನೋಡಿದರು. “ಮರದ ನೆರಳು ಬುಡದಲ್ಲೇ ಬಿದ್ದಿದೆ. ಈ ಛತ್ರಿ ಹೆಂಗಸಿನ ನೆರಳು ಆ ಕಡೆ ಉದ್ದಕ್ಕೆ ಬಿದ್ದಿದೆ. ನಾಯಿಗಂತೂ ನೆರಳೇ ಇಲ್ಲ. ಅಲ್ಲ ಸಾರ್, ಇಲ್ಲಿ ಎಷ್ಟು ಜನ ಸೂರ್ಯಂದಿರು ಇದ್ದಾರೆ?”

ಚಿತ್ರಗಾರನ ಕಿವಿ ಬಿಸಿಯಾಯಿತು. ಚಿತ್ರಕ್ಕೆ ಕಳೆ ಬರಲೆಂದು ಕೊನೇ ಗಳಿಗೆಯಲ್ಲಿ ಎಲ್ಲೆಲ್ಲಿಂದಲೋ ತಂದು ಅಂಟಿಸಿದ ಜನ ಅವರು. ಅವರವರ ಊರಿನ ನೆರಳನ್ನು ಕಾಲಿಗೆ ಕಟ್ಟಿಕೊಂಡೇ ಬಂದಿದ್ದರು. ಕಂಪನಿಯಲ್ಲಿ ಆರು ಮಂದಿ ನೋಡಿ ತಲೆದೂಗಿದ್ದ ಚಿತ್ರ. ಒಬ್ಬರ ಕಣ್ಣಿಗೂ ಇದು ಬಿದ್ದಿರಲಿಲ್ಲ.

“ತೆಗಿ, ತೆಗಿ,” ಎನ್ನುತ್ತ ಪಕ್ಕದಲ್ಲೇ ಕೂತಿದ್ದ ಮ್ಯಾನೇಜರ್ ಮೇಜಿನ ಕೆಳಗೆ ಅವನ ಕಾಲು ತುಳಿದ. ಮೌಸ್ ಮೂರು ಸಲ ಒತ್ತಿದ್ದೇ ತಡ, ಛತ್ರಿಯ ಹೆಂಗಸು, ಸೈಕಲ್ಲಿನ ಮುದುಕ, ಕೈಕೈ ಹಿಡಿದ ಜೋಡಿ, ನಾಯಿ, ಎಲ್ಲ ಮಾಯ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಉಳಿಯಲಿಲ್ಲ.

“ಎಷ್ಟು ಬೇಗ ಪರಿಹಾರ ನೋಡಿ!” ಸಾಹೇಬರು ಗುಮಾಸ್ತನ ಕಡೆ ತಿರುಗಿದರು. “ಬರ್ಕೊಳ್ಳಿ. ನೆರಳಿನ ಬಗ್ಗೆ ಆಕ್ಷೇಪಣೆ ಬಂದಿತ್ತು. ಸಭೆಯಲ್ಲೇ ಸರಿಪಡಿಸಲಾಯಿತು.”

“ನಾನು ಅರ್ಜಿ ಕೊಟ್ಟಿದ್ದು ಆ ನೆರಳಿಗಲ್ಲ ಸಾರ್.”

“ನೆರಳು ಅಂದ್ರೆ ನೆರಳು ತಾನೇ? ಅದರಲ್ಲೂ ನಮ್ದು ನಿಮ್ದು ಅಂತ ಇರುತ್ತಾ?” ಮ್ಯಾನೇಜರ್ ಹಲ್ಲು ಕಿರಿದ. ಗುಮಾಸ್ತ ಬರೆದು ಮುಗಿಸಿ, ಸಹಿ ಮಾಡಿ ಎಂದು ಹಾಳೆಯನ್ನು ಟೈಲರಮ್ಮನ ಮುಂದೆ ತಳ್ಳಿದ.

ಅವರು ಹಾಳೆ ಮುಟ್ಟಲಿಲ್ಲ. ಸಾಹೇಬರನ್ನು ಬಿಟ್ಟು ಚಿತ್ರಗಾರನ ಕಡೆ ನೋಡಿದರು. “ಕೇಳಪ್ಪ ಇಲ್ಲಿ. ಕೆಲಸ ಚೆನ್ನಾಗೇ ಮಾಡಿದ್ದೀಯ. ಆ ಗೋಡೆ ಮೇಲಿನ ಬೆಳಕು ನೋಡಿದ್ರೆ ಕೈಯಿಟ್ಟು ಮುಟ್ಟೋಣ ಅನ್ಸುತ್ತೆ. ಇದು ಯಾವತ್ತಿನ ಬಿಸಿಲು?”

“ಜೂನ್ ಇಪ್ಪತ್ತೊಂದು. ಮಧ್ಯಾಹ್ನ ಹನ್ನೆರಡು.”

“ಆ ಹೊತ್ತಲ್ಲಿ ನಾನು ಒಲೆ ಮುಂದೆ ಇರ್ತೀನಿ. ನಂಗೆ ಬೆಳಕು ಬೇಕಾಗೋದು ಚಳಿಗಾಲದಲ್ಲಿ, ಮೂರು ಗಂಟೆಗೆ. ಬಟ್ಟೆಗೆ ಗುಂಡಿ ಹೊಲಿಯೋ ಹೊತ್ತು ಅದು. ನಿನ್ನ ಕಂಪ್ಯೂಟರಲ್ಲಿ ಡಿಸೆಂಬರ್ ಇದೆಯೇನಪ್ಪ?”

ಇತ್ತು. ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಹನ್ನೆರಡು ತಿಂಗಳೂ ಸಾಲಾಗಿ ಕೂತಿದ್ದವು. ಮ್ಯಾನೇಜರನ ಬೂಟು ಮತ್ತೆ ಚಿತ್ರಗಾರನ ಕಾಲ ಮೇಲೆ ಬಂತು, ಈ ಸಲ ಪೂರ್ತಿ ಭಾರ ಬಿಟ್ಟು. ಬರುವ ತಿಂಗಳು ಅವನ ನೌಕರಿ ಕಾಯಂ ಆಗುವುದಿತ್ತು. ಅದೂ ಆ ಬೂಟಿನವನ ಕೈಯಲ್ಲೇ ಇತ್ತು. ಆದರೆ ಇಷ್ಟು ವರ್ಷದಲ್ಲಿ ಚಿತ್ರಗಾರನ ಬೆಳಕನ್ನು ಯಾರೂ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವನು ಕಾಲೆಳೆದುಕೊಂಡ, ತಾರೀಕು, ಗಂಟೆ ಎರಡೂ ಬದಲಿಸಿದ.

ಸೂರ್ಯ ಕೆಳಗೆ ಜಾರಿ ಹೊಸ ಕಟ್ಟಡದ ಬೆನ್ನ ಹಿಂದೆ ಹೋದ. ನೆರಳು ಬೀದಿ ದಾಟಿತು, ಹಳೇ ಮನೆಗಳ ಮೆಟ್ಟಿಲು ಹತ್ತಿತು, ಕಿಟಕಿಗಳನ್ನು ನುಂಗಿ ಸೂರಿನವರೆಗೂ ಏರಿತು. ನಡುಹಗಲಿನ ಬೆಳಕಿಗೆ ಹದ ಮಾಡಿದ್ದ ಚಿತ್ರ ಇಡಿಯಾಗಿ ಕಪ್ಪಿಟ್ಟಿತು.

“ಏನ್ರೀ ಇದು, ಪ್ರೊಜೆಕ್ಟರ್ ಕೆಟ್ಟೋಯ್ತಾ?” ಸಾಹೇಬರು ಕೇಳಿದರು.

“ಇಲ್ಲ ಸಾರ್,” ಎಂದ ಚಿತ್ರಗಾರ. “ಮಧ್ಯಾಹ್ನ ಮೂರು ಗಂಟೆ.”

ಗುಮಾಸ್ತ ಪೆನ್ನು ಎತ್ತಿ ಹಿಡಿದು ಕೇಳಿದ, “ಇದನ್ನ ಏನಂತ ಬರೀಲಿ ಸಾರ್?”

ಸಾಹೇಬರು ಗೋಡೆ ನೋಡಿದರು. ಮ್ಯಾನೇಜರನ ಮುಖ ನೋಡಿದರು. ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು.

“ಪ್ರೊಜೆಕ್ಟರ್ ಕೆಟ್ಟಿದೆ ಅಂತ ಬರೀರಿ.”