ಎಲೆ ಅಡಿಕೆಯ ಹೊತ್ತು

“ಬಾಯಿ ಇನ್ನೂ ಸ್ವಲ್ಪ ತೆಗೀರಿ ಯಜಮಾನ್ರೇ,” ಅಂದರು ಡಾಕ್ಟರ್ ಮೈತ್ರಿ. ಚೌಡಪ್ಪ ಬಾಯಿ ತೆರೆದು ಕಣ್ಣು ಮುಚ್ಚಿಕೊಂಡ. ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಕುಲುಮೆಯ ಎದುರು ನಿಂತವನಿಗೆ ವಿನೋಬನಗರದ ಈ ಪುಟ್ಟ ಕ್ಲಿನಿಕ್ಕಿನ ದೀಪ ನೋಡುವ ಧೈರ್ಯವಿರಲಿಲ್ಲ. ಜೊತೆಯಲ್ಲೇ ಶಿಫ್ಟಿಗೆ ಬರುತ್ತಿದ್ದ ರಾಮಚಂದ್ರಪ್ಪನಿಗೆ ಗಂಟಲು ಕ್ಯಾನ್ಸರ್ ಆಗಿ, ಆಪರೇಷನ್ನಿನ ನಂತರ ದನಿಯೇ ಹೋಗಿತ್ತು. ಅವನನ್ನು ನೋಡಿ ಬಂದ ಮರುದಿನವೇ ಹೆಂಡತಿ ಉಚ್ಚಂಗಮ್ಮ ಗಂಡನನ್ನು ಬಸ್ಸು ಹತ್ತಿಸಿ ಶಿವಮೊಗ್ಗಕ್ಕೆ ಎಳೆದು ತಂದಿದ್ದಳು.

“ಏನೇನು ಅಭ್ಯಾಸ ಇದೆ?”

“ಬೀಡಿ, ಹೊಗೆಸೊಪ್ಪು, ಆಗಾಗ ಬ್ರಾಂದಿ,” ಎಂದು ಉಚ್ಚಂಗಮ್ಮನೇ ಉತ್ತರ ಕೊಟ್ಟಳು. “ಬೀಡಿ ಬಿಟ್ಟು ಐದು ವರ್ಷ ಆಯ್ತು. ಉಳಿದದ್ದು ಬಿಡಿಸೋಕೆ ನನ್ ಕೈಲಿ ಆಗ್ಲಿಲ್ಲ.”

ಡಾಕ್ಟರ್ ಅವನ ನಾಲಿಗೆಯ ಅಡಿ, ಕೆನ್ನೆಯ ಒಳಗೆ, ಕುತ್ತಿಗೆಯ ಎರಡೂ ಬದಿ ಒತ್ತಿ ನೋಡಿದರು. “ಸದ್ಯಕ್ಕೆ ಏನೂ ಕಾಣ್ತಿಲ್ಲ. ಹಾಗಂತ ಬಚಾವಾದೆ ಅಂದ್ಕೋಬೇಡಿ. ಹೊಗೆಸೊಪ್ಪಿನ ಜೊತೆ ಬ್ರಾಂದಿನೂ ಸೇರಿದ್ರೆ ಅಪಾಯ ಇನ್ನೂ ಜಾಸ್ತಿ. ಎಲ್ಲಾ ಬಿಡಬೇಕು, ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು.”

ಉಚ್ಚಂಗಮ್ಮ ಸಮಾಧಾನದಿಂದ ನಕ್ಕಳು. ಡಾಕ್ಟರ್ ಆ ನಗುವನ್ನೇ ನೋಡಿದರು. ತುಟಿ ಅಗಲವಾಯಿತೇ ಹೊರತು ಬಾಯಿ ತೆರೆಯಲಿಲ್ಲ. “ಅಮ್ಮಾ, ನೀವೂ ಒಂದು ನಿಮಿಷ ಕೂತ್ಕೊಳ್ಳಿ.”

“ನಂಗೇನಾಗಿದೆ? ನಾನೇನು ಬೀಡಿ ಸೇದಿದ್ದೀನಾ?” ಎನ್ನುತ್ತಲೇ ಅವಳು ಕುರ್ಚಿ ಏರಿದಳು. ಮೂರು ಬೆರಳು ಹಿಡಿಸಬೇಕಾದ ಬಾಯಲ್ಲಿ ಎರಡು ಬೆರಳೂ ಸಲೀಸಾಗಿ ಹೋಗಲಿಲ್ಲ. ಎಡಗೆನ್ನೆಯ ಒಳಗೆ ಬಿಳಿಯ ಮಚ್ಚೆ, ಅದರ ನಡುವೆ ಕೆಂಪು ಹುಣ್ಣು.

“ಖಾರ ತಿಂದ್ರೆ ಉರಿಯುತ್ತಾ?”

“ಎರಡು ವರ್ಷ ಆಯ್ತು.”

ಆ ಎರಡು ವರ್ಷವೂ ಸಾರು ಸಪ್ಪೆಯಾಗಿದೆ ಎಂದು ತಟ್ಟೆ ದೂಡುತ್ತಿದ್ದವನು ಚೌಡಪ್ಪನೇ. ಅವಳು ಎಲೆ ಅಡಿಕೆ, ಅದರೊಳಗೆ ಚೂರು ಹೊಗೆಸೊಪ್ಪು ಹಾಕಿಕೊಳ್ಳುವುದನ್ನು ಡಾಕ್ಟರಿಗೆ ಹೇಳುವಾಗ ಅವನು ನಡುವೆ ಬಾಯಿ ಹಾಕಿದ. “ಅಡಿಕೆ ಏನ್ ಮಾಡುತ್ತೆ ಡಾಕ್ಟ್ರೇ? ದೇವರ ಮುಂದೇನೇ ಇಡ್ತೀವಿ.”

“ದೇವರು ಅಗಿಯಲ್ಲ ಯಜಮಾನ್ರೇ. ಬಾಯಿ ಹೀಗೆ ಬಿಗಿದುಕೊಳ್ಳೋಕೆ ಅಡಿಕೆಯೊಂದೇ ಸಾಕು. ಹೊಗೆಸೊಪ್ಪೂ ಸೇರಿದ್ರೆ ಕೇಳೋದೇ ಬೇಡ. ಎಷ್ಟು ವರ್ಷದಿಂದ ಅಮ್ಮಾ?”

ಉಚ್ಚಂಗಮ್ಮ ಗಂಡನ ಮುಖ ನೋಡಿದಳು. ಅವನಿಗೆ ಆ ದಿನವೇ ನೆನಪಿತ್ತು. ಮದುವೆಯಾದ ವರ್ಷ, ನ್ಯೂಟೌನಿನ ಕಾರ್ಖಾನೆ ಕ್ವಾರ್ಟರ್ಸು. ಮಧ್ಯಾಹ್ನ ಸೈರನ್ ಕೂಗಿದರೆ ಮೊದಲ ಶಿಫ್ಟ್ ಮುಗಿಯುತ್ತಿತ್ತು. ಮೈಯಿಂದ ಕಬ್ಬಿಣದ ವಾಸನೆ ಹೋಗುವಷ್ಟು ಉಜ್ಜಿ ಸ್ನಾನ ಮಾಡಿ, ಉಂಡು, ಬೇವಿನ ನೆರಳು ಬೀಳುವ ಮೆಟ್ಟಿಲಿನ ಮೇಲೆ ಅವನು ಎಲೆ ಅಡಿಕೆ ಸಂಚಿ ಬಿಚ್ಚುತ್ತಿದ್ದ. ಹಲ್ಲುನೋವೆಂದು ಅವಳು ದವಡೆ ಹಿಡಿದುಕೊಂಡು ಬಂದ ದಿನ ಎಲೆಯ ನಾರು ತೆಗೆದು, ಸುಣ್ಣ ಸವರಿ, ಚಿಟಿಕೆ ಹೊಗೆಸೊಪ್ಪಿಟ್ಟು ತಾನೇ ಅವಳ ಬಾಯಿಗೆ ಹಾಕಿದ್ದ. ಅವಳು ತಲೆ ತಿರುಗಿ ಅವನ ಭುಜಕ್ಕೆ ಒರಗಿದ್ದಳು. ಎದುರು ಮನೆಯ ತಮಿಳು ಅಕ್ಕ ನಕ್ಕು ಬಾಗಿಲು ಹಾಕಿಕೊಂಡಿದ್ದಳು. ಇಡೀ ನೌಕರಿಯ ವರ್ಷಗಳಲ್ಲಿ ಅಂಥ ಮಧ್ಯಾಹ್ನ ಇನ್ನೊಂದು ಅವನಿಗೆ ನೆನಪಿರಲಿಲ್ಲ.

“ನಲವತ್ತೊಂದು ವರ್ಷ,” ಎಂದು ಚೌಡಪ್ಪನೇ ಹೇಳಿದ.

ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನಕ್ಕೆ ಬಂದ ಉತ್ತರ ಕ್ಯಾನ್ಸರ್ ಎಂದೇ ಇತ್ತು. ಬೇಗ ಸಿಕ್ಕಿದ್ದರಿಂದ ಕುತ್ತಿಗೆಗೆ ಹರಡಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಕೆನ್ನೆಯ ಒಳಭಾಗ ಕತ್ತರಿಸಿ ತೆಗೆದರು, ಜೀವ ಉಳಿಯಿತು. ಚೌಡಪ್ಪ ಸಂಚಿಯನ್ನು ಒಲೆಗೆ ಹಾಕಿದ. ಅಡುಗೆ ಕಲಿತ.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅವಳಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದವನಿಗೆ ತಡೆದುಕೊಳ್ಳಲಾಗಲಿಲ್ಲ. “ನಾನೇ ಕಲಿಸಿದ್ದು ಮಾರಾಯ್ತಿ. ಆವತ್ತು ಹಲ್ಲುನೋವಿಗೆ ಒಂದು ಮಾತ್ರೆ ತಂದು ಕೊಟ್ಟಿದ್ರೆ ಆಗ್ತಿತ್ತು.”

ಉಚ್ಚಂಗಮ್ಮ ಸೆರಗಿನಿಂದ ತುಟಿ ಒರೆಸಿಕೊಂಡಳು. ಮಾತು ತೊದಲುತ್ತಾ, ಬಿಡಿಬಿಡಿಯಾಗಿ ಬಂತು.

“ಹಲ್ಲುನೋವು ನಾಲ್ಕೇ ದಿನಕ್ಕೆ ಹೋಗಿತ್ತು. ಹೊಗೆಸೊಪ್ಪು ಆಮೇಲೂ ನಂಗೆ ಎಷ್ಟೋ ದಿನ ಕಹಿನೇ. ಎಲೆ ಅಡಿಕೆ ಹಾಕ್ಕೊಳ್ಳೋ ಹೊತ್ತಲ್ಲಿ ಮಾತ್ರ ನೀವು ನನ್ ಪಕ್ಕ ಕೂತ್ಕೋತಿದ್ರಿ.”