ಬಿಳೀ ದೊರೆಯ ಸೈಕಲ್ಲು

ಹ್ಯಾಂಡಲಿನ ಬಲತುದಿಯಲ್ಲಿ ಶಿವನಂಜಪ್ಪನ ಬೆರಳುಗಳು ಎರಡನೆಯ ಬ್ರೇಕಿಗಾಗಿ ತಡಕಾಡಿದವು. ಮೆಕ್ಯಾನಿಕ್ ಇಮ್ದಾದ್ ಉಸಿರು ಬಿಗಿಹಿಡಿದು ಗೆಳೆಯನ ಮುಖವನ್ನೇ ನೋಡುತ್ತ ನಿಂತಿದ್ದ.

ಬೆಟ್ಟ ಹತ್ತುವುದಕ್ಕೆಂದೇ ಮಾಡಿದ ಗೇರ್ ಸೈಕಲ್ಲು ಅದು. ಎಷ್ಟೋ ವರ್ಷಗಳ ಹಿಂದೆ ಹೊನ್ನವಳ್ಳಿಯಲ್ಲಿ ಜ್ವರ ಹಿಡಿದು ಮಲಗಿದ ವಿದೇಶಿ ಪ್ರವಾಸಿಯೊಬ್ಬ, ತನಗೆ ಗಂಜಿ ಕಾಯಿಸಿ ಕೊಟ್ಟ ಶಿವನಂಜಪ್ಪನ ಮನೆಯಲ್ಲೇ ಅದನ್ನು ಬಿಟ್ಟುಹೋಗಿದ್ದ. ತುಕ್ಕು ಕೆರೆದು, ಬಣ್ಣ ಹೊಡೆದು, ಬಂದ ದಿನದಂತೆಯೇ ಮಾಡಿ ಗೆಳೆಯನ ಕೈಗೊಪ್ಪಿಸಬೇಕೆಂಬುದು ಇಮ್ದಾದನ ಬಹುದಿನದ ಆಸೆ. ಎರಡು ಬ್ರೇಕುಗಳೂ ಬಲಕ್ಕೇ ಇದ್ದದ್ದನ್ನು ಯಾರೋ ಅರೆಬರೆ ಕಲಿತವನ ತಪ್ಪೆಂದು ಬಗೆದು, ಒಂದನ್ನು ಎಡಕ್ಕೆ ಕೂರಿಸಿದ್ದ.

“ಬಾಯ್ಬಿಡ್ಲಾ. ಬಿಳೀ ದೊರೆ ತಂದಾಗ ಹಿಂಗೇ ತಾನೆ ಇದ್ದಿದ್ದು?”

“ದೊರೆ ಸೈಕಲ್ ವಾಪಸ್ ಬಂತು ಕಣ್ಲಾ. ನಂದೆಲ್ಲಿ?” ಶಿವನಂಜಪ್ಪ ನಕ್ಕ. “ಕಾಯಿ ಕೀಳಕ್ಕೆ ತೋಟದಿಂದ ತೋಟಕ್ಕೆ ಹೋಗೋವಾಗ ಎಡಗೈ ಹೆಗಲ ಮೇಲಿನ ಉದ್ದನೆ ದೋಟಿ ಕೋಲು ಹಿಡ್ಕಂಡಿರ್ತದೆ. ಇಳಿಜಾರಲ್ಲಿ ಈ ಬ್ರೇಕು ನೀನು ಬಂದು ಹಿಡೀತೀಯಾ?”

ಇಮ್ದಾದ್ ಸ್ಪ್ಯಾನರ್ ಎತ್ತಿಕೊಂಡು ಎಡಗಡೆಯ ಬ್ರೇಕನ್ನು ಬಿಚ್ಚತೊಡಗಿದ. ಅವಸರಕ್ಕೆ ಸ್ಪ್ಯಾನರ್ ಜಾರಿ, ಹೊಸ ಬಣ್ಣದ ಮೇಲೆ ಉದ್ದನೆಯ ಗೀರು ಬಿತ್ತು. ಅವನು ಅದಕ್ಕೆ ಮತ್ತೆ ಬಣ್ಣ ಹಚ್ಚಲು ಹೋಗಲಿಲ್ಲ.